ಕನ್ನಡ ಮೇಡಂ ಹೇಳಿದ ಹೆಸರು

ಕೆಮ್ಮು ಸರ್ವನಾಮವೇ ಎಂಬ ಪ್ರಶ್ನೆ ನಮ್ಮ ಸ್ಟಾಫ್ ರೂಮಿಗೆ ಬಂದದ್ದು ಒಂಬತ್ತನೇ ತರಗತಿಯಿಂದ. ತಂದವರು ಕನ್ನಡ ಮೇಡಂ. ಬೆರಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ನಗು ತಡೆಯಲಾಗದೆ ನಿಂತಿದ್ದರು.

ಹಿಂದಿನ ದಿನ ಮಕ್ಕಳಿಗೊಂದು ಮನೆಗೆಲಸ ಕೊಟ್ಟಿದ್ದರಂತೆ. ನಿಮ್ಮ ಅವ್ವ ನಿಮ್ಮ ಅಪ್ಪನನ್ನು ಏನೆಂದು ಕರೆಯುತ್ತಾಳೆ, ಕೇಳಿಕೊಂಡು ಬನ್ನಿ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಅನ್ನುತ್ತಾರೆ. ಹೆಸರು ಇರಬೇಕಾದ ಜಾಗಕ್ಕೆ ಬೇರೆ ಏನೋ ಬಂದು ಕೂರುತ್ತದೆ. ಹಾಗೆ ಬಂದು ಕೂರುವುದೇ ಸರ್ವನಾಮ ಎಂದು ತಿಳಿಸಿಕೊಡುವುದು ಅವರ ಉಪಾಯ. ಮಕ್ಕಳು ತಂದ ಉತ್ತರಗಳನ್ನು ಒಬ್ಬೊಬ್ಬರ ದನಿಯಲ್ಲೇ ಹೇಳಿ ತೋರಿಸಿದರು.

"ನಮ್ಮವ್ವ 'ಅವರು' ಅಂತಾಳ್ರಿ."

"ನಮ್ಮವ್ವ 'ಏನು, ಕೇಳಿಸ್ತೇನು' ಅಂತಾಳ್ರಿ. ಸಿಟ್ಟು ಬಂದ್ರ ನನ್ನ ಕಡಿ ತಿರುಗಿ 'ನಿಮ್ಮಪ್ಪ' ಅಂತಾಳ್ರಿ."

ಕಡೆಯ ಬೆಂಚಿನ ಒಬ್ಬ ಹುಡುಗಿ: "ನಮ್ಮವ್ವ ಬರೇ ಕೆಮ್ತಾಳ್ರಿ ಮೇಡಂ. ಅಪ್ಪ ಎದ್ದು ಬರ್ತಾನ್ರಿ."

"ಈಗ ಹೇಳ್ರಿ ಗಣಿತ ಸರ್," ಎಂದು ನನ್ನ ಕಡೆ ತಿರುಗಿದರು. "ಕೆಮ್ಮಿಗೆ ಮಾರ್ಕು ಕೊಡ್ಲೋ ಬ್ಯಾಡೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಿ.ಟಿ. ಸರ್ ತೀರ್ಪು ಕೊಟ್ಟರು. "ಪೂರಾ ಮಾರ್ಕು ಕೊಡ್ರಿ. ಕೆಮ್ಮಿದ್ರ ಗಂಡ ಎದ್ದು ಬರ್ತಾನ ಅಂದ್ರ ಆಕಿ ಸಣ್ಣ ಹೆಣ್ಮಗಳಲ್ಲ. ನಮ್ಮ ಮನ್ಯಾಗ ಒದರಿದ್ರೂ ನಾ ಏಳಂಗಿಲ್ಲ."

ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಅದು ಹೊಳೆಯ ಕಲ್ಲಿನ ಹಾಗೆ ನುಣುಪಾಗಿಬಿಟ್ಟಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಅವರು ಚೌಕಟ್ಟು ಹಿಡಿದು ನಕ್ಕದ್ದು ಆ ದಿನವೋ, ಬೇರೆ ಯಾವುದೋ ದಿನದ ನಗುವನ್ನು ತಂದು ನಾನೇ ಇಲ್ಲಿ ನಿಲ್ಲಿಸಿದ್ದೇನೋ. ಅವರು ನನ್ನ ಕಡೆಗೇ ತಿರುಗಿ ಕೇಳಿದರೆಂಬುದಂತೂ ಇನ್ನೂ ಅನುಮಾನ. ಪಿ.ಟಿ. ಸರ್ ಈಗ ಹೇಳುತ್ತಾರೆ, ಮೇಡಂ ಕೇಳಿದ್ದು ತಮ್ಮನ್ನಂತೆ. ಇರಬಹುದು. ಆದರೂ ನಾನು ಬರೆಯುವಾಗ ಅವರು ನನ್ನ ಕಡೆಗೇ ತಿರುಗುತ್ತಾರೆ. ತಡೆಯಲು ಆಗುವುದಿಲ್ಲ.

ಶಾಲೆ ತಂಬ್ರಹಳ್ಳಿ ಕಡೆಯ ಒಂದು ಊರಿನದು. ಸರಕಾರಿ ಪ್ರೌಢಶಾಲೆ. ನಾನು, ಅವರು, ಇನ್ನಿಬ್ಬರು ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಶಾಲೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಕನ್ನಡ ಮೇಡಂ, ವಿಜ್ಞಾನ ಸರ್, ಪಿ.ಟಿ. ಸರ್. ನಾನು ಗಣಿತ ಸರ್. ಮಾಡುವ ಕೆಲಸದಿಂದ ಬಂದ ಹೆಸರು ಅನ್ವರ್ಥನಾಮ ಎಂದು ಮಕ್ಕಳಿಗೆ ಹೇಳಿಕೊಡುವಾಗ ಅವರು ನಮ್ಮನ್ನೇ ಉದಾಹರಣೆ ಮಾಡುತ್ತಿದ್ದರು. ಹೀಗಾಗಿ ಇಲ್ಲಿ ಅವರ ಹೆಸರು ಬರೆಯದಿರುವುದು ಜಾಣತನವಲ್ಲ, ಹಳೆಯ ಅಭ್ಯಾಸ.

ಅವರ ಊರು ಕೂಡ್ಲಿಗಿ ಕಡೆಯದು. ಎತ್ತರದ ಹೆಂಗಸು, ಬೋರ್ಡಿನ ಮೇಲಿನ ಸಾಲು ಬರೆಯಲು ನಮ್ಮಂತೆ ತುದಿಗಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಊಟದ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಯಾವಾಗಲೂ ಶೇಂಗಾ ಪುಡಿ, ಅದನ್ನು ಹಂಚುವಾಗ ಮೊದಲು ಅಡುಗೆಯ ಅಕ್ಕನಿಗೆ, ಆಮೇಲೆ ನಮಗೆ. ನಾನು ಮೊದಲು ನೋಡಿದಾಗ ಅವರ ಕೈಯಲ್ಲಿ ಹಸಿರು ಕೊಡೆ ಇತ್ತು. ಅವರು ಕೊಡೆ ಹಿಡಿದದ್ದನ್ನು ಯಾರೂ ಕಂಡಿಲ್ಲ ಎನ್ನುತ್ತಾರೆ ವಿಜ್ಞಾನ ಸರ್. ಕೊಡೆಯನ್ನು ಬಿಟ್ಟುಬಿಡುತ್ತೇನೆ.

ಬಿಡಲಾಗದ್ದು ಇನ್ನೊಂದು. ಅವರ ಗಂಡ ಹೊಸಪೇಟೆಗೆ ಹೋಗಿ ಬರುತ್ತೇನೆಂದು ಹೋದವರು ಮರಳಿರಲಿಲ್ಲ. ಮೇಡಂ ನಮ್ಮ ಶಾಲೆಗೆ ಬರುವ ಮುಂಚಿನ ಸಂಗತಿ ಅದು. ಜಗಳವಿಲ್ಲ, ಸಾಲವಿಲ್ಲ, ಇನ್ನೊಂದು ಹೆಣ್ಣಿನ ಸುದ್ದಿಯಿಲ್ಲ. ಸತ್ತರೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಇದ್ದಾರೆಂದು ತೋರಿಸಲು ಯಾರಿಗೂ ಆಗಲಿಲ್ಲ. ಮೇಡಂ ತಾಳಿ ತೆಗೆದಿರಲಿಲ್ಲ, ಹಣೆಯ ಕುಂಕುಮ ಬಿಟ್ಟಿರಲಿಲ್ಲ. ಅಂಥ ಹೆಂಗಸನ್ನು ಏನನ್ನಬೇಕೆಂದು ಊರಿಗೆ ತಿಳಿಯದೆ, ಊರು ಅವರನ್ನು ಮೇಡಂ ಅಂದು ಸುಮ್ಮನಾಗಿತ್ತು.

ನನಗಾಗ ನಲವತ್ತರ ಹತ್ತಿರ. ಅಣ್ಣನ ಮನೆಯಲ್ಲಿದ್ದೆ. ಮದುವೆಯ ಮಾತು ಬಂದು ಬಂದು ದಣಿದು ನಿಂತುಹೋಗಿತ್ತು. ಅವರು ಇನ್ನೂ ಕಾಯುತ್ತಿದ್ದಾರೆಯೇ, ಇಲ್ಲವೇ? ನನಗೆ ತಿಳಿಯಬೇಕಾಗಿದ್ದದ್ದು ಇಷ್ಟೇ. ಬಸ್ಸಿನಲ್ಲಿ ಎದುರು ಸಾಲಿನ ಸೀಟಿನಲ್ಲಿ ಕೂತವರನ್ನು ಇದನ್ನು ಹೇಗೆ ಕೇಳುವುದು? ಸಮೀಕರಣದಲ್ಲಿ ಒಂದೇ ಒಂದು ಅಜ್ಞಾತ ಇದ್ದರೆ ಬಿಡಿಸುವುದು ಸುಲಭ ಎಂದು ನಾನು ದಿನಾ ಮಕ್ಕಳಿಗೆ ಹೇಳುತ್ತಿದ್ದೆ.

ಅವರ ಪಾಠ ನಾನು ಕೇಳಿಸಿಕೊಳ್ಳುತ್ತಿದ್ದದ್ದು ಗೋಡೆಯ ಆಚೆಯಿಂದ. ನಮ್ಮ ಎರಡು ಕೋಣೆಗಳ ನಡುವೆ ಗೋಡೆ ಚಾವಣಿಯವರೆಗೆ ಮುಟ್ಟಿರಲಿಲ್ಲ. ನನ್ನ ತ್ರಿಭುಜಗಳು ಆ ಕಡೆ ಹೋಗುತ್ತಿದ್ದವು, ಅವರ ನಾಮಪದಗಳು ಈ ಕಡೆ ಬರುತ್ತಿದ್ದವು.

"ನದಿ ಅಂದ್ರ ಯಾವ ನದಿನೂ ಆಗಬಹುದು. ರೂಢನಾಮ. ತುಂಗಭದ್ರಾ ಅಂದ್ರ?"

"ನಮ್ಮ ನದಿರೀ!"

"ಅದಕ್ಕ ಅಂಕಿತನಾಮ. ಒಂದಕ್ಕ ಮಾತ್ರ ಅಂಟಿಕೊಂಡಿರೋ ಹೆಸರು. ಹುಡುಗ ರೂಢನಾಮ. ಕೊಟ್ರೇಶ?"

ಗದ್ದಲ. ನಮ್ಮ ಕಡೆ ಕೊಟ್ಟೂರ ದೇವರ ಹೆಸರಿಲ್ಲದ ಮನೆ ಹುಡುಕಬೇಕು. ಆ ತರಗತಿಯಲ್ಲಿ ಸಾಲಿಗೊಬ್ಬ ಕೊಟ್ರೇಶ. ಬಾವಿಮನಿ ಕೊಟ್ರೇಶ, ಕುರಿ ಕೊಟ್ರೇಶ, ಗಿಡ್ಡ ಕೊಟ್ರೇಶ. ಕುರಿ ಕೊಟ್ರೇಶನ ದನಿ ಗೋಡೆ ಹಾರಿ ಬಂತು. ಅವನಪ್ಪ ಕುರಿ ಕಾಯುವವನು, ಬಯಲಿನಲ್ಲಿ ಕೂಗಿ ರೂಢಿಯಾದ ಗಂಟಲು.

"ಮೇಡಂರೀ, ನಮ್ಮೂರಾಗ ಕೊಟ್ರೇಶ ರೂಢನಾಮ ಐತ್ರಿ. ಕೊಟ್ರೇಶಾ ಅಂತ ಒದರಿದ್ರ ಅರ್ಧ ಓಣಿ ಹೊರಗ ಬರ್ತೈತ್ರಿ."

ಗೋಡೆಯ ಈ ಕಡೆ ನನ್ನ ಮಕ್ಕಳೂ ನಕ್ಕರು. ಮೇಡಂ ನಕ್ಕು ಮುಗಿಸಿ ಹೇಳಿದರು: "ಬರ್ಲಿ ಬಿಡೋ. ನಿಮ್ಮವ್ವ ಒದರಿದಾಗ ಯಾರು ಬರ್ತಾರ?"

"ನಾ ಒಬ್ಬನ ಬರ್ತೀನ್ರಿ."

"ಮತ್ತ? ಹೆಸರು ಹೇಳ್ದೋರು ಯಾರು ಅನ್ನೋದೂ ಹೆಸರಿನ್ಯಾಗ ಐತಿ."

ಇದು ವ್ಯಾಕರಣವಲ್ಲ. ಪರೀಕ್ಷೆಯಲ್ಲಿ ಬರೆದರೆ ಸೊನ್ನೆ ಬರುತ್ತದೆ. ಆದರೆ ನಾನು ಹಲಗೆಯ ಮೇಲೆ ಅರ್ಧ ಎಳೆದ ಗೆರೆಯನ್ನು ಹಾಗೇ ಬಿಟ್ಟು ನಿಂತಿದ್ದೆ.

ದಿಗ್ವಾಚಕಗಳಿಗೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕೈಚಾಚಿ ಗಿರಗಿರನೆ ತಿರುಗಿಸುವರು. ಹಡಗಲಿ ಎತ್ತಾಗೈತಿ? ಪಡುವಣ. ಕೊಟ್ಟೂರು? ತೆಂಕಣ. ಮಕ್ಕಳಿಗೆ ಆ ಪದಗಳು ಪುಸ್ತಕದವು, ಊರುಗಳು ಮಾತ್ರ ಸೋದರಮಾವಂದಿರವು. ಒಂದು ದಿನ ಒಬ್ಬ ಹುಡುಗಿ, ಎಂಟನೇ ತರಗತಿಯವಳು, ಏನೂ ಅರಿಯದವಳು, ಕೇಳಿದಳು. "ಮೇಡಂರೀ, ನಿಮ್ಮನಿ ಸರ್ ಎತ್ತಾಗ ಅದಾರ್ರಿ?"

ಮೇಡಂ ಚಾಚಿದ ಕೈ ಚಾಚಿದಂತೆಯೇ ಇತ್ತು. ನಾನು ಕಿಟಕಿಯಲ್ಲಿದ್ದೆ. ಆ ಕೈ ಯಾವುದಾದರೂ ಒಂದು ದಿಕ್ಕಿಗೆ ನಿಲ್ಲುತ್ತದೆಂದು ಕಾದೆ. ಅವರು ಅದನ್ನು ಇಳಿಸಿ, "ಅದು ಇವತ್ತಿನ ಪಾಠದಾಗಿಲ್ಲವ್ವ" ಎಂದರು. ಗದರಲಿಲ್ಲ. ಮರುದಿನ ಆ ಹುಡುಗಿಯ ಜಡೆ ಬಿಚ್ಚಿಹೋಗಿದ್ದಾಗ ತಾವೇ ಹೆಣೆದು ರಿಬ್ಬನ್ ಕಟ್ಟಿದರು.

ಈಗ ತಾಯಂದಿರ ಸಭೆ. ಇದನ್ನು ಬರೆಯಲೆಂದೇ ಕೂತದ್ದು. ಇದನ್ನೇ ನಾನು ಅತಿ ಕಡಿಮೆ ನಂಬುವುದು.

ಸಭೆಗೆ ತಾಯಂದಿರು ಬರುತ್ತಿರಲಿಲ್ಲ. ಬಂದರೂ ಹೆಡ್ ಮಾಸ್ತರರ ಭಾಷಣ ಮುಗಿಯುವವರೆಗೆ ಸೆರಗಿನ ಮರೆಯಲ್ಲಿ ಆಕಳಿಸಿ ಎದ್ದುಹೋಗುವರು. ಮೇಡಂ ಒಂದು ಉಪಾಯ ಮಾಡಿದರು. ಈ ಸಲ ಒಡಪು ಹೇಳುವ ಸಭೆ. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಬಾರದಲ್ಲ, ಎರಡು ಸಾಲು ಕಟ್ಟಿ ಅದರೊಳಗೆ ಇಟ್ಟು ಹೇಳಬಹುದು. ಮದುವೆ, ಸೀಮಂತಗಳಲ್ಲಿ ನಮ್ಮ ಹೆಂಗಸರು ಹೇಳುವುದು ಹಾಗೆ. ಮಕ್ಕಳು ಸುತ್ತ ಕೂತು ಕೇಳಬೇಕು, ಪ್ರತಿ ಒಡಪಿನಲ್ಲಿ ರೂಢನಾಮ ಯಾವುದು, ಅಂಕಿತನಾಮ ಯಾವುದು ಗುರುತಿಸಬೇಕು. ಸುದ್ದಿ ಓಣಿ ಓಣಿಗೆ ಹೋಗಿ, ಸಭೆಯ ದಿನ ಬೆಂಚು ಸಾಲದೆ ಜಮಖಾನೆ ಹಾಸಿದೆವು.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಕುರಿ ಕೊಟ್ರೇಶನ ತಾಯಿ ಎದ್ದಳು. ಬಾಯಿಗೆ ಸೆರಗು ಹಿಡಿದು, ಒಂದೇ ಉಸಿರಿಗೆ:

"ಕುರಿಹಿಂಡಿನ್ಯಾಗ ಕರಿಕುರಿ ಚೆಂದ,
ಕಂಬಳಿ ಹೊದ್ದ ಬೀರಪ್ಪ ಅದಕಿಂತ ಚೆಂದ."

"ಲೇ ಕೊಟ್ರ್ಯಾ, ನಿಮ್ಮಪ್ಪನ್ನ ಕುರಿಗೆ ಹೋಲಿಸ್ಯಾಳಲ್ಲೋ!" ಎಂದು ಹುಡುಗರು ಕೂಗಿದರು. ಕಿರಾಣಿ ಅಂಗಡಿಯವರ ಹೆಂಡತಿ, ವಿಭೂತಿ ಹಚ್ಚಿದ ಗಂಭೀರ ಹೆಂಗಸು, ಅವಳೂ ಎದ್ದಳು:

"ಬಿಳಿಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ,
ತಕ್ಕಡಿ ಬಿಟ್ಟು ಬರ್ರಿ ಅಂದ್ರ ಸಿದ್ಲಿಂಗಪ್ಪ ಒಲ್ಲೆ ಒಲ್ಲೆ ಅಂತಾರಲ್ಲ."

ಪ್ರಾಸ ಕುಂಟಿತು, ನಗು ಕುಂಟಲಿಲ್ಲ. ಮೇಡಂ ಬೋರ್ಡಿನ ಬಳಿ ನಿಂತು ಕುರಿ, ಕಂಬಳಿ, ರೊಟ್ಟಿ, ತಕ್ಕಡಿ ಎಂದು ಒಂದು ಕಡೆ ಬರೆಯುತ್ತ, ಇನ್ನೊಂದು ಕಡೆ ಗಂಡಂದಿರ ಹೆಸರು ಬರೆಯುತ್ತ ಹೋದರು. ಬೋರ್ಡು ಆ ಕಡೆ ಗಂಡಂದಿರಿಂದ ತುಂಬಿತು.

ಆಗ ಒಬ್ಬ ಮುದುಕಿ, ಯಾರದೋ ಅಜ್ಜಿ, ಬೇರೆ ಊರಿನಿಂದ ಮೊಮ್ಮಗನ ಮನೆಗೆ ಬಂದವಳು, ಗೋಡೆಗೆ ಆತು ಕೂತಲ್ಲಿಂದಲೇ ಎಂದಳು. "ಏ ಟೀಚರಮ್ಮ, ಎಲ್ಲಾರ ಗಂಡಂದಿರನ್ನ ಹಲಗಿ ಮ್ಯಾಲೆ ಏರಿಸೀದಿ. ನಿಂದು ಬಚ್ಚಿಟ್ಕಂಡೀಯಲ್ಲ. ಹೇಳು, ಹೇಳು!"

ಗೊತ್ತಿದ್ದವರು ಅವಳ ಮೊಣಕೈ ಜಗ್ಗಿದರು. "ಯಾಕ ಜಗ್ತೀರೆ? ನಾ ಏನಂದೆ? ಕುಂಕುಮ ಐತಿ, ತಾಳಿ ಐತಿ, ಹೇಳಾಕೇನಾತು?"

ಇಲ್ಲಿಂದ ಮುಂದೆ ಮೂರು ನೆನಪುಗಳಿವೆ. ವಿಜ್ಞಾನ ಸರ್ ಹೇಳುವ ಪ್ರಕಾರ ಮೇಡಂ ಒಂದು ಒಳ್ಳೆಯ ಒಡಪು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಪಿ.ಟಿ. ಸರ್ ಪ್ರಕಾರ ಅವರು ಏನೂ ಹೇಳದೆ, ಚಹಾ ಬಂತೇ ನೋಡುತ್ತೇನೆಂದು ಹೊರಗೆ ಹೋದರು. ನನ್ನದು ಇದು. ಅವರು ಬೋರ್ಡಿಗೆ ಬೆನ್ನು ಮಾಡಿ ನಿಂತು, "ಬಾಗಿಲ ಮುಂದ ರಂಗೋಲಿ, ಬಾಗಿಲೊಳಗ ದೀಪ" ಎಂದು ಶುರು ಮಾಡಿದರು. ಎರಡನೇ ಸಾಲಿಗೆ ನಿಂತರು. ಹೆಂಗಸರು ಕಾದರು. ನಾನು ಬಾಗಿಲ ಬಳಿ ಚಹಾದ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಅವರು ಆ ಸಾಲನ್ನು ಅಲ್ಲೇ ಬಿಟ್ಟು ಹೆಸರನ್ನು ಹೇಳಿದರು. ಬರೀ ಹೆಸರು. ಪ್ರಾಸವಿಲ್ಲದೆ, ಅಪ್ಪ ಅಯ್ಯ ಎಂಬ ಗೌರವವಿಲ್ಲದೆ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ. ಕೂಗಿ, ಹಾಜರಿ ಕೂಗಿದವರು ಕಾಯುವಷ್ಟು ಹೊತ್ತು ಕಾದರು.

ಯಾರೂ ಓ ಅನ್ನಲಿಲ್ಲ. ಮುದುಕಿ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಮೇಡಂ ತಿರುಗಿ ಆ ಹೆಸರನ್ನೂ ಬೋರ್ಡಿನ ಮೇಲೆ, ಸಿದ್ಲಿಂಗಪ್ಪನ ಕೆಳಗೆ, ಅಂಕಿತನಾಮಗಳ ಸಾಲಿನಲ್ಲಿ ಬರೆದರು. "ಗಣಿತ ಸರ್, ಚಹಾ ಆರ್ತೈತಿ, ಕೊಡ್ರಿ ಎಲ್ಲಾರಿಗೂ" ಎಂದರು.

ಹೆಸರು ನನಗೆ ನೆನಪಿದೆ. ಬರೆಯುವುದಿಲ್ಲ. ಅಪರೂಪದ್ದೇನಲ್ಲ, ಪ್ರತಿ ವರ್ಷ ನನ್ನ ತರಗತಿಯಲ್ಲೂ ಆ ಹೆಸರಿನ ಒಬ್ಬ ಹುಡುಗ ಇರುತ್ತಿದ್ದ, ಹಾಜರಿಯಲ್ಲಿ ಅವನ ಸರದಿ ಬಂದಾಗ ನನ್ನ ದನಿ ಇಳಿಯುತ್ತಿತ್ತು.

ಆ ದಿನದಿಂದ ನನ್ನ ಪ್ರಶ್ನೆ ಇನ್ನಷ್ಟು ಗೋಜಲಾಯಿತು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಿದ ಹೆಂಗಸು ಅವನನ್ನು ಕೈಬಿಟ್ಟಳೆಂದು ಅರ್ಥವೇ? ಅಥವಾ ಅಷ್ಟು ಜನರ ಮುಂದೆ ಅವನನ್ನು ಕೂಗಿ ಕರೆದದ್ದೇ? ಬಸ್ಸಿನಲ್ಲಿ ಎರಡನ್ನೂ ಕೂಡಿಸಿ ಕಳೆದು ನೋಡುತ್ತಿದ್ದೆ. ಎದುರು ಸೀಟಿನಲ್ಲಿ ಅವರು ತಲೆ ಕಿಟಕಿಗೆ ಆನಿಸಿ ನಿದ್ದೆ ಮಾಡುತ್ತಿದ್ದರು. ನಿದ್ದೆಯೋ, ಕಣ್ಣು ಮುಚ್ಚಿದ್ದೋ.

ಹರಪನಹಳ್ಳಿ ಮತ್ತೆ ನಮ್ಮ ಜಿಲ್ಲೆಗೆ ಬಂದು ಸೇರಿದ ಮೇಲೆ, ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಅವರು ಆ ತಾಲೂಕಿನ ಹಲವಾಗಲು ಕಡೆಯ ಶಾಲೆ ಕೇಳಿ ಪಡೆದರು. ಹತ್ತಿರದಲ್ಲಿ ಎಷ್ಟೋ ಶಾಲೆಗಳಿದ್ದವು. ಹೊಳೆ ದಂಡೆಯ ಆ ಊರೇ ಯಾಕೆ? ಅಲ್ಲಿ ಅವರ ಗಂಡನ ಹಾಗೆ ಕಾಣುವ ಒಬ್ಬರನ್ನು ಯಾರೋ ನೋಡಿದ್ದಾರಂತೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಹಾಗಾದರೆ ಉತ್ತರ ಸಿಕ್ಕಿತಲ್ಲ ಅಂದುಕೊಂಡೆ. ಬೀಳ್ಕೊಡುವ ದಿನ ಎಲ್ಲರ ಜೊತೆ ಒಂದು ಫೋಟೋಕ್ಕೆ ನಿಂತೆ. ಮರುವಾರದಿಂದ ಗೋಡೆಯ ಆಚೆ ಬೇರೆ ದನಿ. ಒಳ್ಳೆಯ ಹುಡುಗ, ವ್ಯಾಖ್ಯೆ ಬಾಯಿಪಾಠ ಮಾಡಿಸುತ್ತಿದ್ದ.

ನಾನು ನಿವೃತ್ತನಾದೆ. ಈ ಮಾರ್ಚಿನ ಕೊನೆಗೆ ಅವರೂ ಆದರು. ಸಮಾರಂಭದ ಕರೆ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಬರುತ್ತೇವೆ ಎಂದು ಹೆಬ್ಬೆರಳು ತೋರಿಸಿದವರು ಬಹಳ, ಹೋದವನು ನಾನೊಬ್ಬ. ಮೇಡಂ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಣಕಾಲು ನೋವು, ವೇದಿಕೆಯ ಮೆಟ್ಟಿಲಿಗೆ ಇಬ್ಬರು ಹುಡುಗಿಯರು ಕೈ ಕೊಟ್ಟರು. ಶಾಲು, ಹಣ್ಣಿನ ಬುಟ್ಟಿ, ಕೊರಳು ಕಾಣದಷ್ಟು ಸೇವಂತಿಗೆಯ ದಪ್ಪ ಹಾರ. ತಾಳಿ ಇದೆಯೇ ಎಂದು ನೋಡಬಾರದೆಂದುಕೊಂಡೆ. ನೋಡಿದೆ. ಹಾರದೊಳಗೆ ಕಾಣಲಿಲ್ಲ.

ಊಟವಾದ ಮೇಲೆ, "ಬಸ್ಸಿಗೆ ಇನ್ನೂ ಹೊತ್ತೈತಿ, ಹೊಳಿತನಕ ಬರ್ರಿ" ಎಂದು ಅವರೇ ಕರೆದರು. ಹಾರವನ್ನು ಕೊರಳಿಂದ ತೆಗೆದು ಮೊಣಕೈಗೆ ಹಾಕಿಕೊಂಡು ನಡೆದರು. ನಮ್ಮ ಕಡೆ ಹಾಕಿಸಿಕೊಂಡ ಹಾರವನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ, ಹರಿಯುವ ನೀರಿಗೆ ಬಿಡುತ್ತಾರೆ. ಮೇಲಿನ ದಂಡೆಯಲ್ಲಿ ಒಂದು ಕಟ್ಟೆ ಇತ್ತು, ಕೂತರು. ಬಿಸಿಲಿಗೆ ಹೊಳೆ ಸೊರಗಿ ಬಂಡೆಗಳ ನಡುವೆ ಎಳೆಎಳೆಯಾಗಿತ್ತು.

ನಾನು ಕೇಳಿದೆ. ಅಷ್ಟು ವರ್ಷಗಳ ಮೇಲೆ, ಹೇಗೆ ಬಂತೋ ಹಾಗೆ. "ಅವರ ಸುದ್ದಿ ಏನಾರ ಹತ್ತಿತೇನ್ರಿ ಮೇಡಂ?"

"ಬಂದಿದ್ರು," ಎಂದರು.

"ಎಲ್ಲಿಗ್ರಿ?"

"ಇದ ಊರಿಗೆ. ಆಚಿ ವರ್ಷದ ಮಳಿಗಾಲದಾಗ. ಬಾಗಿಲು ಬಡಿದ್ರು, ಯಾರು ಬೇಕಾಗಿತ್ರಿ ಅಂದೆ. ನನ್ನ ಹೆಸರು ಹೇಳಿದ್ರು. ಒಳಗ ಬರ್ರಿ ಅಂದೆ. ಉಪ್ಪಿಟ್ಟು ಮಾಡಿದ್ದೆ, ತಿಂದ್ರು. ಕರೆಂಟ್ ಹೋತು, ಬಂತು. ಹೋಗಿಬರ್ತೀನಿ ಅಂದ್ರು. ಹೂಂ ಅಂದೆ."

"ನೀವೇನೂ ಕೇಳಲಿಲ್ಲೇನ್ರಿ?"

"ಕೇಳಬೇಕಂತ ಎಷ್ಟ್ ಜೋಡಿಸಿ ಇಟ್ಕಂಡಿದ್ದೆ ಸರ್, ವರ್ಷಾನುಗಟ್ಲೆ. ಅವರು ತಿನ್ನಾಕ ಕುಂತಾಗ ಒಂದೂ ನೆನಪಿಗೆ ಬರವಲ್ದು. ಉಪ್ಪು ಸಾಕೇನ್ರಿ ಅಂತ ಕೇಳಿದೆ. ಸಾಕು ಅಂದ್ರು."

ಅವರು ನಗಬಹುದೆಂದುಕೊಂಡೆ, ನಗಲಿಲ್ಲ. ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

"ಈ ಊರಿಗೆ ನೀವು ಅವರನ್ನ ಹುಡುಕ್ಕೊಂಡು ಬಂದ್ರಿ ಅಂತ ನಾವೆಲ್ಲ..."

"ಹಂಗ ಅಂದ್ಕಂಡಿದ್ರೇನು?" ಈಗ ಸ್ವಲ್ಪ ನಕ್ಕರು. "ಇಲ್ಲಿ ಶಾಲಿ ಪಕ್ಕದಾಗ ಬಾಡಿಗಿ ಮನಿ ಐತಿ ಅಂತ ಬಂದೆ. ಬಸ್ಸಿನ ಓಡಾಟ ಸಾಕಾಗಿತ್ತು. ದಿನಾ ಆ ಬಸ್ಸಿನಾಗ ಕುಂತು, ಈಗ ಏನಾರ ಅಂತಾರ, ಈಗ ಏನಾರ ಅಂತಾರ ಅಂತ ಕಣ್ಣು ಮುಚ್ಕಂಡು ಕೂಡೋದು..." ಮಾತು ಅಲ್ಲಿಗೇ ಬಿಟ್ಟು ಎಮ್ಮೆಯ ಕಡೆ ನೋಡಿದರು.

ಯಾರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇದನ್ನು ಬರೆಯುವಾಗ ನನಗೆ ಹೆದರಿಕೆ. ನಾಳೆ ಇದೂ ನುಣುಪಾಗುತ್ತದೆ, ಅವರು ಹೇಳದಿದ್ದದ್ದನ್ನೂ ನಾನು ಕೇಳಿಸಿಕೊಳ್ಳತೊಡಗುತ್ತೇನೆ. ಅದಕ್ಕೇ ಆಡಿದಷ್ಟನ್ನೇ ಬರೆದಿದ್ದೇನೆ.

ಬಸ್ಸಿನ ಹೊತ್ತಾಯಿತು. ಅವರು ಏಳಲು ಹೋಗಿ ಮೊಣಕಾಲು ಹಿಡಿದು ಮತ್ತೆ ಕೂತರು. ಹಾರವನ್ನು ನನ್ನ ಕಡೆ ಚಾಚಿದರು. "ನನಗ ಕೆಳಗ ಇಳಿಯಾಕಾಗಂಗಿಲ್ಲ. ನೀವ ನೀರಿಗೆ ಬಿಟ್ಟು ಬರ್ರಿ, ಸರ್."

ಎರಡು ಕೈಯಲ್ಲಿ ಹಾರ ಹಿಡಿದು ಇಳಿದೆ. ಒದ್ದೆಯಾಗಿ ಭಾರವಿತ್ತು, ಅವರ ಕೊರಳ ಬಿಸಿ ಇನ್ನೂ ಇತ್ತೋ, ಬಿಸಿಲಿನದೋ. ಬಂಡೆಯ ಮೇಲೆ ಬಗ್ಗಿ ನೀರಿಗೆ ಬಿಟ್ಟೆ. ಒಂದು ಸುತ್ತು ತಿರುಗಿ, ಪಕ್ಕದ ಕಲ್ಲಿಗೆ ಬಂದು ಒರಗಿ ನಿಂತಿತು. ಬೆರಳಿನಿಂದ ನೂಕಿದೆ. ಮತ್ತೆ ಅಲ್ಲಿಗೇ ಬಂತು. ನೀರಿಗೆ ಅದನ್ನು ಒಯ್ಯುವ ಬಲವಿರಲಿಲ್ಲ.

ಮೇಲಿನಿಂದ ಅವರ ದನಿ ಬಂತು. "ಹೋತೇನ್ರಿ?"

ಹಾರ ನನ್ನ ಕಾಲ ಬಳಿಯೇ ಅಲ್ಲಾಡುತ್ತ ಇತ್ತು.

"ಹೋತ್ರಿ," ಎಂದೆ.